ಒಗೆಯದೆ ಇಟ್ಟ ಕೌದಿ

ಬಾಡಿಗೆ ಮನೆ ನೋಡಲು ಹೋದವರು ಮೊದಲು ಗೋಡೆ ಮುಟ್ಟಿ ನೋಡಬೇಕು ಎಂದು ಸುಜಾತಾಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ನೋಡಿದ್ದು ನಲ್ಲಿಯ ನೀರು, ಅಡುಗೆಮನೆಯ ಕಟ್ಟೆ, ಗಬ್ಬೂರಿನ ತನ್ನ ಸರಕಾರಿ ಶಾಲೆಗೆ ಬಸ್ಸು ಸಿಗುತ್ತದೋ ಇಲ್ಲವೋ ಎಂಬುದು. ಇವೆಲ್ಲಕ್ಕಿಂತ ಮೊದಲು ನೋಡಿದ್ದು ಮಾಲೀಕನ ಮುಖ. ‘ನೀವು ಯಾವ ಮಂದಿ’ ಎಂದು ಕೇಳುತ್ತಾನೋ ಏನೋ ಎಂದು. ಅದಕ್ಕೂ ಮುಂಚೆ ನಾಲ್ಕು ಮನೆಯವರು ಕೇಳಿದ್ದರು. ಉತ್ತರ ಕೇಳಿದ ಮೇಲೆ ಆ ನಾಲ್ಕೂ ಮನೆಗೆ ಇದ್ದಕ್ಕಿದ್ದಂತೆ ಊರಿಂದ ಅಳಿಯಂದಿರು ಬಂದು ಇರುವವರಿದ್ದರು. ಬೈರಿದೇವರಕೊಪ್ಪದ ಗುರುಶಿದ್ದಪ್ಪ ಮಾತ್ರ ಏನೂ ಕೇಳದೆ ಕೀಲಿ ಕೈಗೆ ಕೊಟ್ಟ. ಆ ಸಂತೋಷದಲ್ಲಿ ಗೋಡೆ ಯಾರಿಗೆ ನೆನಪಾಗಬೇಕು?

ಗೋಡೆಗೆ ಹೊಸದಾಗಿ ಕನಕಾಂಬರ ಬಣ್ಣ ಹೊಡೆದಿತ್ತು. “ಬಾಡಿಗಿದಾರ್ರು ಬದಲಾದಾಗೆಲ್ಲಾ ನಾ ಹೊಸಾ ಬಣ್ಣ ಹೊಡಸ್ತೇನ್ರಿ ಅಕ್ಕೋರ. ಅದರಾಗ ಕಂಜೂಷಿ ಮಾಡಾಂವಲ್ಲ” ಎಂದ ಗುರುಶಿದ್ದಪ್ಪ. ಟೀಚರಮ್ಮನನ್ನು ಅಕ್ಕೋರು ಎನ್ನುವುದು ಈ ಕಡೆಯ ರೂಢಿ. ಸುಜಾತಾ ಅದನ್ನು ಔದಾರ್ಯ ಎಂದೇ ತಿಳಿದಳು. ಅದು ಏಪ್ರಿಲ್ ತಿಂಗಳು. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಎಲ್ಲ ಗೋಡೆಗಳೂ ಸಾಧುಗಳೇ.

ಸಾಮಾನು ಬಹಳವಿರಲಿಲ್ಲ. ಗಂಡ ಹುಲಗೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್; ಬೋಲ್ಟು ತಿರುಗಿಸುವ ತನ್ನ ಪಾನಾಗಳ ಪೆಟ್ಟಿಗೆಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದ. ಆರು ವರ್ಷದ ಮಗಳು ಪೂನಮ್ ತನ್ನ ಗೊಂಬೆ ತಂದಳು. ಸುಜಾತಾ ತಾನೇ ಹೊತ್ತು ತಂದದ್ದು ಒಂದು ತಗಡಿನ ಟ್ರಂಕು. ಅದರೊಳಗೆ ಅವ್ವನ ಕೌದಿ ಇತ್ತು.

ಅವ್ವ ಕರೆವ್ವ ಅಮ್ಮಿನಬಾವಿಯಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಂದಿಯ ಹೊಲದಲ್ಲಿ ಕಳೆ ತೆಗೆದು, ಮೆಣಸಿನಕಾಯಿ ಬಿಡಿಸಿ, ಮಗಳನ್ನು ಶಿಕ್ಷಕಿ ಮಾಡಿದ ಹೆಂಗಸು. ಹೊಲದ ಕೆಲಸ ಇಲ್ಲದ ದಿನಗಳಲ್ಲಿ ಕೌದಿ ಹೊಲಿಯುತ್ತಿದ್ದಳು. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆಗಳನ್ನು ಪದರ ಪದರ ಹಾಸಿ, ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಟಾಕು ಹಾಕುತ್ತ ಬಂದು, ಮುಗಿಯುವ ಹೊತ್ತಿಗೆ ನಡುವೆ ಅಂಗೈಯಷ್ಟು ಜಾಗ ಬಿಡುತ್ತಿದ್ದಳು. ಅಲ್ಲಿ ಒಂದು ಚೂರು ಒಣಗಿದ ಕಟಕ ರೊಟ್ಟಿ ಇಟ್ಟು ಹೊಲಿದು ಮುಚ್ಚುತ್ತಿದ್ದಳು. “ಕೌದಿ ಉಪಾಸ ಇರಬಾರ್ದು. ಅದರ ಹೊಟ್ಟಿ ತುಂಬಿದ್ರನ ಹೊತಗೊಂಡಾವ್ರ ಹೊಟ್ಟಿ ತುಂಬತೈತಿ” ಎನ್ನುವುದು ಅವಳ ಶಾಸ್ತ್ರ. ಅವಳು ಕೊನೆಗೆ ಹೊಲಿದ, ಕೊನೆಯವರೆಗೂ ಹೊದ್ದ ಕೌದಿಯೇ ಈ ಟ್ರಂಕಿನಲ್ಲಿದ್ದದ್ದು. ದೊಡ್ಡದು, ಮೂವರು ಒತ್ತಿಕೊಂಡು ಮಲಗಿದರೂ ಸಾಲುವಂಥದ್ದು.

ಆ ಕೌದಿಯನ್ನು ಸುಜಾತಾ ಒಮ್ಮೆಯೂ ಒಗೆದಿರಲಿಲ್ಲ. ಒಗೆದರೆ ಅವ್ವನ ವಾಸನೆ ಹೋಗುತ್ತದೆ. ಫೋಟೋದಲ್ಲಿ ಅವ್ವನ ಮುಖ ಇತ್ತು, ಹುಲಗೇಶನ ಫೋನಿನಲ್ಲಿ ಅವಳ ಎರಡು ಮಾತೂ ಇದ್ದವು. ವಾಸನೆಗೆ ಮಾತ್ರ ಇದೊಂದೇ ಠಿಕಾಣಿ. ಶಾಲೆಯಿಂದ ಸೋತು ಬಂದ ಸಂಜೆ ಟ್ರಂಕು ತೆಗೆದು, ಮಡಿಕೆಯೊಳಗೆ ಮುಖ ಹುದುಗಿಸಿ, ಹೊಗೆ, ಎಲೆ ಅಡಕೆ, ಒಣಮೆಣಸಿನಕಾಯಿ ಎಲ್ಲ ಕೂಡಿದ ಆ ವಾಸನೆಯನ್ನು ಎಳೆದುಕೊಂಡು ಮತ್ತೆ ಮುಚ್ಚಿಡುತ್ತಿದ್ದಳು. ಇದು ಯಾರಿಗೂ ಹೇಳುವಂಥ ಮಾತಲ್ಲ, ಆದರೆ ಅವಳ ದಿನ ನಡೆಯುತ್ತಿದ್ದದ್ದು ಅದರಿಂದಲೇ.

ತಮಾಷೆ ನೋಡಿ, ಒಗೆಯದ ಹಾಸಿಗೆ ಎಂದರೆ ಕರೆವ್ವನಿಗೆ ಮೈಯುರಿ. ಮಾನವಮಿ ಹಬ್ಬಕ್ಕೆ ಎಂಟು ದಿನ ಇದೆ ಎನ್ನುವಾಗಲೇ ಅವಳಿಗೆ ಏನೋ ಹೊಕ್ಕಂತಾಗುತ್ತಿತ್ತು. ಮನೆಯ ಕೌದಿ, ಕಂಬಳಿ, ಜಮಖಾನೆ, ದಿಂಬಿನ ಗವಸು, ಕೊನೆಗೆ ಮಲಗಿದ್ದ ಅಪ್ಪನ ಕೆಳಗಿನ ಚಾಪೆ, ಒಂದನ್ನೂ ಬಿಡುತ್ತಿರಲಿಲ್ಲ. ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿ, ಗಂಟು ಕಟ್ಟಿ, ತಂಗಿ ಗುಡ್ಡವ್ವನ ತಲೆಗೊಂದು, ತನ್ನ ತಲೆಗೊಂದು, ಸುಜಾತಾಳ ತಲೆಗೊಂದು ಹೊರಿಸಿ ಕೆರೆಗೆ ನಡೆಯುವುದು. ಓಣಿಯ ಹೆಂಗಸರೆಲ್ಲ ಅಂದು ಅಲ್ಲೇ. ನೀರು ಕುಡಿದ ಕೌದಿ ಎಮ್ಮೆಕರುವಿನಷ್ಟು ಭಾರ. ಈ ತುದಿ ಒಬ್ಬರು ಆ ತುದಿ ಒಬ್ಬರು ಹಿಡಿದು ಹಿಂಡಬೇಕು. ಹಿಂಡುವಾಗ ಗುಡ್ಡವ್ವ ಬೇಕಂತಲೇ ತುದಿ ಬಿಟ್ಟುಬಿಡುವುದು, ಕರೆವ್ವ ಕೆಸರಿಗೆ ಕೂರುವುದು, ಬೈಯುವುದು, ನಗುವುದು. ಮಧ್ಯಾಹ್ನದ ಹೊತ್ತಿಗೆ ಕೆರೆಯ ದಂಡೆಯ ಗಿಡಗಂಟಿ, ಬಂಡೆ, ಬೇಲಿ ಎಲ್ಲ ಕೌದಿಗಳೇ. ಅವುಗಳ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿ ಉಂಡ ರೊಟ್ಟಿ, ಕೆಂಪು ಚಟ್ನಿ, ಉಳ್ಳಾಗಡ್ಡಿಯ ರುಚಿ ಈಗಿನ ಯಾವ ಖಾನಾವಳಿಯಲ್ಲಿ ಸಿಗುತ್ತದೆ? ಸಂಜೆ ಬಿಸಿಲು ತಿಂದ ಕೌದಿಯನ್ನು ಮಡಚುವಾಗ ಅದು ಬೆಚ್ಚಗಿರುತ್ತಿತ್ತು. ಆ ರಾತ್ರಿಯ ನಿದ್ದೆ ಸುಜಾತಾಗೆ ಮತ್ತೆಲ್ಲೂ ಬಂದಿಲ್ಲ.

ಜೂನ್ ಬಂತು, ಮಳೆ ಹಿಡಿಯಿತು. ಗೋಡೆ ತನ್ನ ಬುದ್ಧಿ ತೋರಿಸಿತು. ಒಳಗಿನ ಕೋಣೆಯಲ್ಲಿ ಪೂನಮ್‌ಳ ಮಂಚ ತಾಗಿದ್ದ ಗೋಡೆಯ ಕೆಳಗೆ ಮೊದಲು ಅಂಗೈಯಷ್ಟು ಕಲೆ, ಆಮೇಲೆ ತಟ್ಟೆಯಷ್ಟು. ಕನಕಾಂಬರ ಬಣ್ಣ ಗುಳ್ಳೆ ಎದ್ದು ಉದುರಿತು. ಮೇಲೆ ಥಳುಕು, ಒಳಗೆ ಹುಳುಕು. ಹುಲಗೇಶ ಮಾಲೀಕನಿದ್ದ ಮಹಡಿ ಹತ್ತಿ ಹೇಳಿದ. ಗುರುಶಿದ್ದಪ್ಪ, “ಮಳಿಗಾಲ ಮುಗೀಲಿ, ನೋಡೂಣಂತ. ಬಿಸಲಿಗೆ ತಾನ ಒಣಗಬೌದು, ಒಣಗದನೂ ಇರಬೌದು” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಮಾಳಿಗೆಗೆ ಬೀಗ, ಅಲ್ಲಿ ಅವನ ಹೆಂಡತಿ ಸಂಡಿಗೆ ಒಣಹಾಕುತ್ತಾಳೆ, ಬಾಡಿಗೆಯವರಿಗೆ ಪ್ರವೇಶವಿಲ್ಲ. ಒಗೆದ ಬಟ್ಟೆಗಳು ಕೋಣೆಯ ಒಳಗೇ ಹಗ್ಗದ ಮೇಲೆ ಎರಡು ದಿನ ನೇತಾಡಿದರೂ ಒಣಗುತ್ತಿರಲಿಲ್ಲ.

“ಮಮ್ಮಿ, ಗ್ವಾಡಿ ತಣ್ಣಗ ಹತ್ತತೈತಿ” ಎಂದಳು ಪೂನಮ್. ಕೋಣೆ ಮೂರು ಮಾರು. ಮಂಚ ಸರಿಸಲು ಜಾಗವಿಲ್ಲ. ಆಗ ಸುಜಾತಾಗೆ ಒಂದು ಉಪಾಯ ಹೊಳೆಯಿತು. ಆ ಉಪಾಯ ನೆನಪಾದರೆ ಈಗಲೂ ಅವಳು ತಟ್ಟೆ ಮುಂದೆ ಇದ್ದರೂ ತುತ್ತು ಎತ್ತುವುದಿಲ್ಲ. ಟ್ರಂಕಿನಿಂದ ಅವ್ವನ ಕೌದಿ ತೆಗೆದಳು. ಗೋಡೆಗೆ ಎರಡು ಮೊಳೆ ಹೊಡೆದು ಮೇಲಿನ ಅಂಚನ್ನು ಸಿಗಿಸಿದಳು. ಕೌದಿ ಪರದೆಯಂತೆ ಇಳಿದು ಮಂಚದ ಮೇಲೆ ಹರಡಿತು. ಕಲೆ ಮುಚ್ಚಿತು, ತಣ್ಣನೆಯ ಗೋಡೆ ಮಗುವಿಗೆ ತಾಗುವುದು ತಪ್ಪಿತು, ಕೆಳಗಿನ ಅಂಚು ಪೂನಮ್‌ಗೆ ಹೊದಿಕೆಯೂ ಆಯಿತು.

“ನಿಮ್ಮ ಆಯಿ ನಿನ್ನ ಬಾಜೂಕ ಮಲಗ್ಯಾಳ ಅಂತ ತಿಳಕೋ” ಎಂದಳು. ಪೂನಮ್ ಅಂಚನ್ನು ಮೂಗಿಗೆ ಒತ್ತಿಕೊಂಡು ಮಲಗಿದಳು.

ಕೆಮ್ಮು ಜುಲೈಯಲ್ಲಿ ಶುರುವಾಯಿತು. ಮೊದಲು ಬೆಳಗಿನ ಜಾವ ನಾಲ್ಕು ಸಲ. ಆಮೇಲೆ ಕೆಮ್ಮಿನ ಹಿಂದೆ ಒಂದು ಸಿಳ್ಳೆ. ಉಸಿರು ಬಿಡುವಾಗ ಮಗುವಿನ ಎದೆಯೊಳಗೆ ಯಾರೋ ಕೊಳಲಿನ ತೂತು ಹುಡುಕುತ್ತಿದ್ದಂತೆ. ಅರಿಷಿಣ ಹಾಲು, ತುಳಸಿ ಕಷಾಯ, ಜ್ಯೇಷ್ಠಮಧು, ಯಾವುದಕ್ಕೂ ಜಗ್ಗಲಿಲ್ಲ. ಹುಲಗೇಶನಿಗೂ ಎದ್ದ ಕೂಡಲೇ ಸರಣಿ ಸೀನು. “ಡಿಪೋದ ಧೂಳು” ಎಂದುಕೊಂಡ. ಆಗಸ್ಟ್‌ನ ಒಂದು ದಿನ ಪೂನಮ್‌ಳ ಕತ್ತಿನ ಕೆಳಗಿನ ಗುಣಿ ಉಸಿರಿಗೊಮ್ಮೆ ಒಳಗೆ ಎಳೆಯತೊಡಗಿದಾಗ ಸುಜಾತಾ ರಿಕ್ಷಾ ಹಿಡಿದು ದವಾಖಾನೆಗೆ ಓಡಿದಳು.

ಡಾಕ್ಟರ್ ಅಫ್ರೀನ್ ಇನ್ನೂ ಹುಡುಗಿ ವಯಸ್ಸಿನವರು. ಮಗುವಿನ ಮೂಗು ಬಾಯಿಗೆ ಮುಖವಾಡ ಕಟ್ಟಿ ಯಂತ್ರದಿಂದ ಔಷಧಿಯ ಹಬೆ ಕೊಟ್ಟರು. ಸಿಳ್ಳೆ ಇಳಿದ ಮೇಲೆ ಕೇಳಿದರು, “ಟೀಚರ್, ಮನ್ಯಾಗ ಗ್ವಾಡಿ ಹಸಿ ಹಿಡದಾವೇನ್ರಿ? ಬೂಸರ ಬಂದೈತೇನ್ರಿ ಎಲ್ಲೆರ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಹೀಗೆಯೇ. ಸುಜಾತಾಗೆ ಅದು ರೋಗದ ಪ್ರಶ್ನೆಯಾಗಿ ಕೇಳಲೇ ಇಲ್ಲ. ನಿಮ್ಮ ಮನೆ ಹೊಲಸೇ ಎಂದು ಕೇಳಿದಂತಾಯಿತು. ಶಾಲೆಯಲ್ಲಿ ಓದುವಾಗ ಅವಳ ಪಕ್ಕ ಕೂರದೆ ಸರಿದು ಕೂತವರು, ಅವಳ ಡಬ್ಬಿ ಮೂಸಿದವರು ಎಲ್ಲ ಸಾಲಾಗಿ ನೆನಪಾದರು. ಅಂದಿನಿಂದ ದಿನಕ್ಕೆರಡು ಸಲ ನೆಲ ಒರೆಸುವವಳು ಅವಳು.

“ಇಲ್ರಿ ಮೇಡಂ. ನಮ್ಮನಿ ಭಾಳ ಸ್ವಚ್ಛ ಐತ್ರಿ” ಎಂದಳು.

ಡಾಕ್ಟರು ಒಂದು ಗಳಿಗೆ ಅವಳ ಮುಖ ನೋಡಿ, ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಮನೆಗೆ ಬಂದು ಸುಜಾತಾ ಮಗಳನ್ನು ಮಲಗಿಸಿ, ಕೌದಿಯನ್ನು ಇನ್ನಷ್ಟು ಎಳೆದು ಕುತ್ತಿಗೆಯವರೆಗೂ ಹೊದಿಸಿದಳು. ಬೆಚ್ಚಗಿರಲಿ ಎಂದು.

ಗಣೇಶ ಚೌತಿಗೆ ಅಮ್ಮಿನಬಾವಿಗೆ ಹೋದರು. ಚಿಗವ್ವ ಗುಡ್ಡವ್ವನ ಮನೆಯಲ್ಲಿ ನಾಲ್ಕು ದಿನ. ಎರಡನೆಯ ದಿನಕ್ಕೆ ಪೂನಮ್‌ಳ ಕೆಮ್ಮು ನಿಂತಿತು. ಮೂರನೆಯ ದಿನ ಪಂಪನ್ನೇ ಮರೆತು ಓಣಿ ತುಂಬ ಓಡಿದಳು. “ಊರ ನೀರಿನ ಗುಣ” ಎಂದಳು ಸುಜಾತಾ. ಬೈರಿದೇವರಕೊಪ್ಪಕ್ಕೆ ಮರಳಿ ಎರಡು ರಾತ್ರಿಯಾಗುವಷ್ಟರಲ್ಲಿ ಸಿಳ್ಳೆ ಮತ್ತೆ ಹಾಜರು. “ಹುಬ್ಬಳ್ಳಿ ಧೂಳಿನ ಗುಣ” ಎಂದಳು. ಮಕ್ಕಳಿಗೆ ಕಾರ್ಯಕಾರಣ ಕಲಿಸುವ ಅಕ್ಕೋರು! ಕಣ್ಣೆದುರಿಗಿದ್ದ ಗೋಡೆ ಕಾಣಲಿಲ್ಲ, ಏಕೆಂದರೆ ಅದರ ಮೇಲೆ ಅವ್ವ ಇದ್ದಳು.

ಮಾನವಮಿಗೆ ಹತ್ತು ದಿನ ಇರುವಾಗ ಗುಡ್ಡವ್ವ ಮೊಮ್ಮಗಳ ಕೆಮ್ಮಿನ ಸುದ್ದಿ ಕೇಳಿ ತಾನೇ ಬಂದಳು. ಅವಳಿಗೆ ಅರವತ್ತೈದು; ಬಾಯಿಗೆ ಮಾತ್ರ ಇಪ್ಪತ್ತೈದು. ಮಧ್ಯಾಹ್ನ ಊಟ ಮಾಡಿ ಅಡ್ಡಾಗಲೆಂದು ಒಳಕೋಣೆಗೆ ಹೋದವಳು ಹೊಸ್ತಿಲಲ್ಲೇ ನಿಂತಳು.

“ಏನ ವಾಸನಿ ಇದು?”

“ಅವ್ವನ ಕೌದಿ ಚಿಗವ್ವ. ನಾ ಇನ್ನೂ ಒಗದಿಲ್ಲ. ಅವ್ವನ ವಾಸನಿ ಹಂಗ ಇಟ್ಟೇನಿ” ಎಂದಳು ಸುಜಾತಾ, ಸ್ವಲ್ಪ ಹೆಮ್ಮೆಯಿಂದಲೇ.

ಗುಡ್ಡವ್ವ ಮಂಚದ ಮೇಲೆ ಕೂತಳು. ಕೌದಿಯ ಅಂಚು ಎತ್ತಿ ಮೂಗಿಗೆ ಹಿಡಿದಳು. ಮುಖ ಸಿಂಡರಿಸಿ ಕೆಳಗೆ ಬಿಟ್ಟಳು.

“ಸುಜಾತಾ, ನಮ್ಮಕ್ಕ ಹಿಂಗ ನಾರತಿದ್ಲೇನು?”

ಸುಜಾತಾಗೆ ಸಿಟ್ಟು ನೆತ್ತಿಗೇರಿತು. “ಹಂಗ ಅನಬ್ಯಾಡ ಚಿಗವ್ವ.”

“ಅಂತೇನಿ. ನಾ ಆಕೀ ಬಗಲಾಗ ಮಲಗಿ ಬೆಳದಾಕಿ. ಇದು ಆಕೀ ವಾಸನಿ ಅಲ್ಲ. ಮಳಿ ನೀರು ಹೊಕ್ಕ ಕಣಜದ ವಾಸನಿ. ನೀನ ಮೂಸಿ ನೋಡು, ಆದ್ರ ಅವ್ವಾ ಅನಕೋತ ಮೂಸಬ್ಯಾಡ.”

ಸುಜಾತಾ ಬಗ್ಗಿದಳು. ಮೂಸಿದಳು. ಹೊಗೆಯಿಲ್ಲ, ಎಲೆ ಅಡಕೆಯಿಲ್ಲ, ಮೆಣಸಿನಕಾಯಿಯಿಲ್ಲ. ಹಳೆಯ ಮಣ್ಣಿನ, ಕೊಳೆತ ಕಾಗದದ ವಾಸನೆ. ಎಷ್ಟು ದಿನದಿಂದ ಇದನ್ನೇ ಅವ್ವ ಎಂದು ಎಳೆದುಕೊಂಡಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಅವ್ವನ ಖರೆ ವಾಸನೆಯನ್ನು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದಳು. ಬರಲಿಲ್ಲ. ಸ್ಮಶಾನದಲ್ಲಿ ಅತ್ತದ್ದಕ್ಕಿಂತ ಹೆಚ್ಚು ದುಃಖ ಅವಳಿಗೆ ಆ ಮಂಚದ ಅಂಚಿನಲ್ಲಿ ಆಯಿತು.

ಅಷ್ಟರಲ್ಲಿ ಗುಡ್ಡವ್ವ ಎದ್ದು ಮೊಳೆಯಿಂದ ಕೌದಿಯನ್ನು ಕಿತ್ತೇಬಿಟ್ಟಿದ್ದಳು. ಹಿಂದಿನ ಗೋಡೆ ಮಂಚದಿಂದ ಎದೆಮಟ್ಟದವರೆಗೆ ಕಪ್ಪಗಿತ್ತು. ಕಪ್ಪಿನ ಮೇಲೆ ಹಸಿರು ಚುಕ್ಕೆ, ಅಲ್ಲಲ್ಲಿ ಬಿಳಿಯ ನಯವಾದ ತುಪ್ಪಳ. ಕೌದಿಯ ಹಿಂಬದಿಯೂ ಅದೇ ನಕ್ಷೆ. ಸೀರೆಯ ಹೂವು ಯಾವುದು, ಬೂಷ್ಟು ಯಾವುದು ಹೇಳಲಾಗದಂತೆ ಬೆಳೆದಿತ್ತು. ಕಿತ್ತ ರಭಸಕ್ಕೆ ಎದ್ದ ಪುಡಿ ಕಿಟಕಿಯ ಬೆಳಕಿನಲ್ಲಿ ತೇಲಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪೂನಮ್ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಕತ್ತಿನ ಗುಣಿ ಒಳಗೆ ಹೋಗತೊಡಗಿತು.

ಪಂಪಿನ ನಾಲ್ಕು ಎಳೆತಕ್ಕೂ ಕೆಮ್ಮು ಬಗ್ಗಲಿಲ್ಲ. ರಿಕ್ಷಾದಲ್ಲಿ ಮಗುವಿನ ತುಟಿ ನೀಲಿಗೆ ತಿರುಗುತ್ತಿದೆಯೋ, ತನ್ನ ಕಣ್ಣೇ ಮೋಸ ಮಾಡುತ್ತಿದೆಯೋ ಎಂದು ಸುಜಾತಾ ದಾರಿಯುದ್ದಕ್ಕೂ ನೋಡಿದಳು. ‘ಯವ್ವಾ, ನಿನ್ನ ವಾಸನೆ ನನಗೆ ಬೇಡ, ಇದರ ಉಸಿರು ಕೊಡು’ ಎಂದು ಒಳಗೊಳಗೇ ಬೇಡಿಕೊಂಡಳು. ಅಂದು ಯಂತ್ರದ ಹಬೆ ಮೂರು ಸಲ ಬೇಕಾಯಿತು.

ಮಗು ಉಸಿರು ಹಿಡಿದು ನಿದ್ದೆ ಹೋದ ಮೇಲೆ ಸುಜಾತಾ, ಹುಲಗೇಶ ಮನೆಯಿಂದ ಫೋನಿಗೆ ಕಳಿಸಿದ್ದ ಗೋಡೆಯ ಚಿತ್ರವನ್ನು ಡಾಕ್ಟರ ಮುಂದೆ ಹಿಡಿದಳು. “ಅವತ್ತ ನಾ ಸುಳ್ಳ ಹೇಳಿದ್ನಿರಿ” ಎಂದಳು.

ಅಫ್ರೀನ್ ಬೈಯಲಿಲ್ಲ. “ಇದು ಸ್ವಚ್ಛತಾದ ಮಾತಲ್ರಿ ಟೀಚರ್, ನೀರಿನ ಮಾತು. ಗ್ವಾಡ್ಯಾಗ ನೀರು ಒಸರಿದ್ರ ಅರಮನ್ಯಾಗೂ ಬೂಸರ ಬರತೈತಿ. ಅದರ ಪುಡಿ ಕಣ್ಣಿಗೆ ಕಾಣಲಾರದಷ್ಟು ಸಣ್ಣದು. ಉಸಿರಿನ ಸಂಗಾಟ ಎದಿಗೆ ಹೋಗತೈತಿ. ಈಕೀ ಎದಿ ಅದಕ್ಕ ಮುನಿಸಿಕೊಳ್ಳಾಕತ್ತೈತಿ. ಔಷಧ ನಾ ಕೊಡ್ತೇನಿ, ಆದ್ರ ಆ ಕ್ವಾಣ್ಯಾಗ ಮಲಗಿಸಿದ್ರ ಔಷಧ ಏನ ಮಾಡೀತು?”

“ಕೌದಿ ಒಗದ್ರ ನಡೀತೈತೇನ್ರಿ?”

“ಎಷ್ಟ ಪದರು ಐತ್ರಿ?”

“ಏಳು.”

ಡಾಕ್ಟರು ತಲೆ ಅಲ್ಲಾಡಿಸಿದರು. “ಒಳಗಿನ ಪದರಿಗೆ ಇಳದಿರತೈತಿ. ಬಿಟ್ಟಬಿಡ್ರಿ ಅದನ್ನ.”

ಮರುದಿನ ಗುರುಶಿದ್ದಪ್ಪನನ್ನು ಕೆಳಗೆ ಕರೆದು ಗೋಡೆ ತೋರಿಸಿದರು. ಅವನ ಬಚ್ಚಲಿನ ಕೊಳವೆ ಅದೇ ಗೋಡೆಯೊಳಗೆ ಇಳಿಯುತ್ತಿತ್ತು. ಅವನು ಮೂಗಿಗೆ ಪಂಚೆ ಹಿಡಿದು, “ಬಣ್ಣ ಹೊಡದ್ರ ಹೋಗತೈತ್ರಿ” ಎಂದ.

“ನಮ್ಮಕಿಂತ ಮೊದಲಿದ್ದಾವ್ರಿಗೂ ಬಣ್ಣನ ಹೊಡಿಸಿದ್ರೇನ್ರಿ ಕಾಕಾ?” ಎಂದು ಕೇಳಿದಳು ಸುಜಾತಾ.

“ಹೂಂ ಮತ್ತ.”

“ಅವರ ಪೈಕಿ ಯಾರರ ಕೆಮ್ಮತಿದ್ರೇನ್ರಿ?”

ಗುರುಶಿದ್ದಪ್ಪ ಪಂಚೆಯನ್ನು ಮೂಗಿನಿಂದ ಇಳಿಸಿದ. “ಅವರ ಮುದುಕಿ ಕೆಮ್ಮತಿದ್ಲು. ಅದು ವಯಸ್ಸಿಂದು” ಎಂದ. ಹಾಗೆಂದವನು ಗೋಡೆಯನ್ನು ಮತ್ತೊಮ್ಮೆ ನೋಡಿದ. ಕೆಟ್ಟವನಲ್ಲ, ಬಣ್ಣವನ್ನು ನಂಬಿದವನು.

ಆ ವಾರವೇ ಅವರು ಮೂರು ಓಣಿ ಆಚೆ ರಾಜಬಿ ಎಂಬುವರ ಮಾಳಿಗೆಯ ಮೇಲಿನ ಮನೆ ಹಿಡಿದರು. ತಗಡಿನ ಸೂರು. ಬೇಸಿಗೆಯಲ್ಲಿ ಮನುಷ್ಯರು ಹಂಚಿನ ಮೇಲಿನ ರೊಟ್ಟಿಯಾಗುತ್ತಾರೆ. ಆದರೆ ಬಾಗಿಲು ತೆಗೆದರೆ ಬಿಸಿಲು, ಹಗ್ಗ ಕಟ್ಟಲು ಎಷ್ಟು ಬೇಕಾದರೂ ಜಾಗ. ಈ ಸಲ ಸುಜಾತಾ ಒಂದೊಂದು ಗೋಡೆಗೂ ಅಂಗೈ ಇಟ್ಟು ನೋಡಿದಳು. “ಗ್ವಾಡಿಗೆ ಜ್ವರ ನೋಡಾಕತ್ತೀಯೇನ ಬೇಟಿ?” ಎಂದು ರಾಜಬಿ ನಕ್ಕರು. ಹಳೆಯ ಮನೆಗೆ ಗಿಳಿಹಸಿರು ಬಣ್ಣ ಬಿದ್ದು ಹೊಸ ಬಾಡಿಗೆಯವರು ಬಂದಾಗ ಅವಳು ಹೋಗಿ, ಬಣ್ಣದ ಕೆಳಗೆ ಏನಿದೆ ಎಂದು ಹೇಳಿ ಬಂದಳು.

ಕೌದಿಯನ್ನು ಅಮ್ಮಿನಬಾವಿಗೆ ಒಯ್ದರು. ಪೂನಮ್‌ಳನ್ನು ಪಕ್ಕದ ಓಣಿಗೆ ಕಳಿಸಿ, ಹಿತ್ತಲಲ್ಲಿ ಬೆಂಕಿ ಮಾಡಿದರು. ಸುಜಾತಾ ಕೊನೆಯ ಸಲ ಮೂಸಿ ನೋಡಲಿಲ್ಲ. ನೋಡಿದ್ದರೆ ಆ ಬೂಷ್ಟೇ ಅವ್ವನಾಗಿ ಉಳಿದುಬಿಡುತ್ತಿತ್ತು. ಏಳು ಸೀರೆ ಒಂದೊಂದಾಗಿ ಸುರುಟಿಕೊಂಡವು. ತನ್ನ ಕಾಲೇಜಿನ ಮೊದಲ ದಿನ ಅವ್ವ ಉಟ್ಟಿದ್ದ ಹಸಿರು ಸೀರೆ ಯಾವುದೆಂದು ಸುಜಾತಾಗೆ ಗುರುತು ಹತ್ತಿತು. ಗುಡ್ಡವ್ವ ಅವಳ ಬೆನ್ನ ಮೇಲೆ ಕೈಯಿಟ್ಟು, “ಅಳು. ಆಮ್ಯಾಲ ನಿನ್ನ ಹಳೇ ಸೀರಿ ತಗಿ” ಎಂದಳು.

ಸುಜಾತಾಳ ಶಾಲೆಯ ಸೀರೆಗಳಿಂದ ಹೊಸ ಕೌದಿ ಹುಟ್ಟಿತು. ನಡುವಿನ ಅಂಗೈ ಜಾಗಕ್ಕೆ ಗುಡ್ಡವ್ವ ರೊಟ್ಟಿ ಚೂರು ಎತ್ತಿದಾಗ ಹುಲಗೇಶ ಗಾಬರಿಯಾಗಿ, “ಚಿಗವ್ವಾ, ಅದಕ್ಕೂ ಬೂಸರ ಬಂದ್ರ?” ಎಂದ.

“ಕಟಕ ರೊಟ್ಟಿಗೆ ಎಲ್ಲಿ ಬೂಸರೋ? ಬಿಸಲಿಗೆ ಹಾಕಲಾರದ ಮಂದಿಗೆ ಬೂಸರ” ಎಂದು ಅವಳು ಹೊಲಿದು ಮುಚ್ಚಿದಳು.

ಈಗ ಮತ್ತೊಂದು ಮಾನವಮಿ ಬಂದಿದೆ. ಪೂನಮ್‌ಗೆ ಏಳು ದಾಟಿದೆ. ಪಂಪು ಇನ್ನೂ ಅವಳ ಪಾಟಿಚೀಲದಲ್ಲಿದೆ. ಛಳಿ ಬಿದ್ದಾಗ ಒಮ್ಮೊಮ್ಮೆ ಬೇಕಾಗುತ್ತದೆ. ಎದೆಗೆ ಒಮ್ಮೆ ಹೊಕ್ಕದ್ದು ಬಾಡಿಗೆಯವರಂತೆ ತಟ್ಟನೆ ಖಾಲಿ ಮಾಡಿಕೊಂಡು ಹೋಗುವುದಿಲ್ಲ. ಆದರೂ ಈ ಮಳೆಗಾಲದಲ್ಲಿ ಆ ಸಿಳ್ಳೆ ಕೇಳಿದ್ದು ಎರಡೇ ಸಲ.

ಭಾನುವಾರ ಬೆಳಿಗ್ಗೆ ಮಾಳಿಗೆಯ ಮೇಲೆ ದೊಡ್ಡ ಬೋಗಾಣಿಯಲ್ಲಿ ಸುಡುನೀರು, ಸೋಡಾ. ಗುಡ್ಡವ್ವ ಹಬ್ಬಕ್ಕೆಂದು ಬಂದಿದ್ದಾಳೆ, ಹಿಂಡಲು ಒಂದು ತುದಿ ಹಿಡಿಯುವುದಕ್ಕೆ. ಸುಜಾತಾ ದಿಂಬಿನ ಗವಸು, ಚಾದರ ಎಲ್ಲ ಮುಗಿಸಿ ಕೌದಿಗೆ ಕೈ ಹಾಕಿದಳು. ಅದು ಬರಲಿಲ್ಲ. ಇನ್ನೊಂದು ತುದಿಯನ್ನು ಪೂನಮ್ ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದಳು.

“ಇದನ್ನ ಒಗೀಬ್ಯಾಡ ಮಮ್ಮಿ.”

“ಯಾಕ?”

“ಒಗದ್ರ ನಿನ್ನ ವಾಸನಿ ಹೋಗತೈತಿ.”

ಸುಜಾತಾ ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಆ ಮುಷ್ಟಿಯ ಹಿಡಿತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದೊಂದೇ ಬೆರಳು ಬಿಡಿಸಿದಳು.

“ಹೋಗಲಿ ಬಿಡು. ನಾ ಇನ್ನೂ ಇದ್ದೇನಲ್ಲ, ಮತ್ತ ಹತ್ತತೈತಿ” ಎಂದು ಕೌದಿಯನ್ನು ಎರಡೂ ಕೈಯಿಂದ ಬಿಸಿನೀರಿನೊಳಗೆ ಅದುಮಿದಳು.